ಕಶಿಂಜೆ ಎಳೆಯಲಾರದ ಗೆರೆ

ಇಲ್ಲಿಯ ಸರೋವರದ ದಡದ ಸುಕುಮಾ ಜನರಲ್ಲಿ ಕಾಲು ಮುಂದಾಗಿ ಹುಟ್ಟಿದ ಮಗುವಿಗೆ ಕಶಿಂಜೆ ಎಂದು ಹೆಸರಿಡುತ್ತಾರೆ. "ಹೊಟ್ಟೆಯಿಂದಲೇ ತಿರುಗುಮುರುಗಾಗಿ ಬಂದೋಳು ನಾನು. ಇನ್ನು ನನ್ನ ಗೆರೆ ನೆಟ್ಟಗೆ ಬರುತ್ತಾ ಮೇಷ್ಟ್ರೇ?" ಎಂದು ನಗುತ್ತಲೇ ಅವಳು ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ಇಟ್ಟಳು. ಮೋಟಾರ್‌ಸೈಕಲ್ ಮೇಲೆ ಧೂಳು ಕುಡಿದು ಬಂದಿದ್ದಳು. ಲ್ಯಾಪ್‌ಟಾಪಿಗೆ ಮಾತ್ರ ಧೂಳು ತಾಗದಂತೆ ಹೆಂಗಸರು ಉಡುವ ಒಂದು ಹಳದಿ ಕಾಂಗಾ ಬಟ್ಟೆ ಸುತ್ತಿದ್ದಳು.

ಮ್ವಾಂಜಾ ಊರಿನ ಆಚೆ, ಬಂಡೆಗಳ ನಡುವೆ ಇರುವ ಹೆಣ್ಣುಮಕ್ಕಳ ಶಾಲೆಯಲ್ಲಿ ಕಶಿಂಜೆ ಜೀವಶಾಸ್ತ್ರದ ಟೀಚರು. ನಲವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. ಅವಳು ತರಗತಿಯಲ್ಲಿ ಪಾಠ ಮಾಡಿದರೆ ಪಕ್ಕದ ತರಗತಿಯವರೂ ಪಾಸಾಗುತ್ತಾರೆ ಎಂದು ಅಲ್ಲಿ ತಮಾಷೆ ಮಾಡುತ್ತಾರೆ. ತಂದೆ ಎರಡನೇ ಮದುವೆಯಾಗಿ ಹೋದಮೇಲೆ ಅವಳನ್ನು ಸಾಕಿದ್ದು ಸೋದರಮಾವ ಮಬುಲಾ. ಸರೋವರದ ಹಡಗಿನಲ್ಲಿ ಬಹಳ ಕಾಲ ಕೆಲಸ ಮಾಡಿ, ಹಡಗು ಲಂಗರು ಹಾಕಿ ತುಕ್ಕು ಹಿಡಿದಾಗ ದಡಕ್ಕೆ ಇಳಿದು, ಇಹಾಲೋದ ಮೀನುಗಟ್ಟೆಯಲ್ಲಿ ದೋಣಿಗಳ ಲೆಕ್ಕ ಬರೆಯುವ ಕೆಲಸ ಹಿಡಿದವರು. ಸೋದರಸೊಸೆ ಎಂ.ಎಸ್ಸಿ. ಮಾಡಬೇಕು ಎಂಬ ಹುಚ್ಚು ಅವಳಿಗಿಂತ ಅವರಿಗೇ ಹೆಚ್ಚಿತ್ತು.

ಅವಳು ಆ ಎಂ.ಎಸ್ಸಿ. ಹಿಡಿದು ವರ್ಷಗಳೇ ಕಳೆದಿದ್ದವು. ಶಾಲೆ, ಮನೆ, ಕಾಯಿಲೆ ಬಿದ್ದ ಗಂಡನ ತಾಯಿ, ಮಕ್ಕಳ ಪರೀಕ್ಷೆ, ಎಲ್ಲ ಮುಗಿದು ಉಳಿದ ಸಮಯದಲ್ಲಿ ಓದು. ಕಾಲೇಜು ಅವಧಿಯನ್ನು ಎಳೆದೆಳೆದು ಕೊಟ್ಟಿತ್ತು. ಈ ತಿಂಗಳು ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸಿ ಪಾಸಾಗದಿದ್ದರೆ ಹೆಸರು ಹೊಡೆದುಹಾಕುತ್ತೇವೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ಅವಳ ಮಾರ್ಗದರ್ಶಿ ಡಾಕ್ಟರ್ ಕತಬಾರೋ ಹೇಳಿಬಿಟ್ಟಿದ್ದರು. ಬರೆದದ್ದೆಲ್ಲ ಮುಗಿದಿತ್ತು. ಬಾಕಿ ಇದ್ದದ್ದು ಒಂದೇ ಒಂದು ಗ್ರಾಫು, ಅದರ ಮೇಲೆ ಒಂದು ಗೆರೆ.

ಆ ಗೆರೆ ಸಿಕ್ಕಿಹಾಕಿಕೊಂಡದ್ದು ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ. ನಮ್ಮ ಕಾಲೇಜಿನಲ್ಲಿ ಪ್ರಬಂಧ ಎಂದರೆ ಲೇಟೆಕ್‌ನಲ್ಲೇ ಇರಬೇಕು. ಇದು ಕತಬಾರೋ ಅವರು ಹೊರದೇಶದಿಂದ ಹೊತ್ತು ತಂದ ಶೋಕಿ. ಟೈಪು ಮಾಡಿದ್ದು ಮಾಡಿದ ಹಾಗೆ ಪುಟದ ಮೇಲೆ ಕಾಣುವ ಸೌಲಭ್ಯ ಅದರಲ್ಲಿಲ್ಲ. ಹೀಗೆ ಮಾಡು, ಹಾಗೆ ಮಾಡು ಎಂದು ಅಪ್ಪಣೆಗಳನ್ನು ಬರೆದು ಒಪ್ಪಿಸಬೇಕು. ಎಲ್ಲ ಸರಿಯಿದ್ದರೆ ಕಣ್ಣಿಗೆ ಒತ್ತಿಕೊಳ್ಳುವಂಥ ಪುಟ ಕೊಡುತ್ತದೆ. ಒಂದು ಆವರಣ ಚಿಹ್ನೆ ಮುಚ್ಚಲು ಮರೆತರೆ ನಮ್ಮ ಕಚೇರಿಯ ಗುಮಾಸ್ತನ ಹಾಗೆ, ಏನು ತಪ್ಪಾಯಿತೆಂದು ಹೇಳದೆ ಬರೀ ಗೊಣಗುತ್ತದೆ. ಅಂಕಿಅಂಶ ಕಲಿಸುತ್ತಾ ಈ ಊರಿನಲ್ಲೇ ತಲೆ ನರೆತ ನನಗೂ ಅದರ ಗೊಣಗಾಟ ಇಂದಿಗೂ ಪೂರ್ತಿ ಅರ್ಥವಾಗುವುದಿಲ್ಲ.

"ಏನೇನು ಮಾಡಿದೆ, ಮೊದಲಿಂದ ಹೇಳು," ಎಂದೆ.

"ಮೊದಲು ಚುಕ್ಕೆ ಇಟ್ಟೆ. ಅದು ಚುಕ್ಕೆಯಿಂದ ಚುಕ್ಕೆಗೆ ಅಂಕುಡೊಂಕು ಎಳೆದು ಜೇಡರಬಲೆ ಮಾಡಿಬಿಡ್ತು. ಇಂಟರ್‌ನೆಟ್ಟಲ್ಲಿ ಕೇಳಿದೆ. ಯಾರೋ ಪುಣ್ಯಾತ್ಮ, ಸಾಲುಗಳನ್ನೆಲ್ಲ ಗಂಟೆ ಪ್ರಕಾರ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಮ್ಮ ಅಂದ. ಜೋಡಿಸಿದೆ. ತಾರೀಖಿನ ಕಾಲಂ ಕಂಡ್ರೆ ಅದಕ್ಕಾಗ್ತಿರಲಿಲ್ಲ, ಪ್ರತಿ ಸಲ ಅಲ್ಲೇ ಎಡವೋದು. ತೆಗೆದು ಬಿಸಾಕಿದೆ. ಆಮೇಲೆ ಚುಕ್ಕೆ ಚೆನ್ನಾಗಿ ಬಂತು. ಗೆರೆ ಬರಲಿಲ್ಲ."

ಅವಳ ಪ್ರಬಂಧದ ಪ್ರಶ್ನೆ ಸಣ್ಣದು. ಮೀನುಗಟ್ಟೆಗೆ ದೋಣಿ ತಡವಾಗಿ ಬಂದಷ್ಟೂ ಬುಟ್ಟಿಯಲ್ಲಿ ಕೆಟ್ಟ ಮೀನು ಹೆಚ್ಚುತ್ತದೆಯೇ? ಅಡ್ಡಗೆರೆಯ ಮೇಲೆ ದೋಣಿ ಬಂದ ಗಂಟೆ, ನಿಲುಗೆರೆಯ ಮೇಲೆ ಕೆಟ್ಟ ಮೀನಿನ ಎಣಿಕೆ. ಒಂದೊಂದು ದೋಣಿಗೆ ಒಂದೊಂದು ಚುಕ್ಕೆ. ಲೆಕ್ಕವೆಲ್ಲ ಮಬುಲಾ ಕಟ್ಟೆಯಲ್ಲಿ ಬರೆದದ್ದು. ಆ ಚುಕ್ಕೆಗಳ ಜಾತ್ರೆಯ ನಡುವೆ, ಎಲ್ಲಕ್ಕೂ ಆದಷ್ಟು ಹತ್ತಿರವಾಗಿ ಹಾಯುವ ಒಂದು ನೇರ ಗೆರೆ ಎಳೆಯಬೇಕು. ಅದಕ್ಕೆ ರಿಗ್ರೆಶನ್ ಗೆರೆ ಎನ್ನುತ್ತೇವೆ. ಗೆರೆ ಏರಿದರೆ ಅವಳ ಮಾತು ನಿಜ.

"ಬಿಸಿಲಲ್ಲಿ ಹೆಚ್ಚು ಹೊತ್ತಿದ್ರೆ ಮೀನು ಕೆಡುತ್ತೆ. ಇದು ಬೆಕ್ಕಿಗೂ ಗೊತ್ತಲ್ಲಮ್ಮ," ಎಂದು ನಾನು ರೇಗಿಸಿದೆ.

"ಬೆಕ್ಕಿಗೆ ಎಂ.ಎಸ್ಸಿ. ಬೇಕಿಲ್ಲ ಮೇಷ್ಟ್ರೇ. ನನಗೆ ಬೇಕು."

ಗೆರೆ ಯಾಕೆ ಕಾಣುತ್ತಿಲ್ಲ ಎಂದು ನೋಡಿದೆ. ಕಡತದಲ್ಲಿ ಕಾಲಮ್ಮಿನ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದಳು, ಅಪ್ಪಣೆಯಲ್ಲಿ ದೊಡ್ಡ ಅಕ್ಷರದಲ್ಲಿ. ಲೇಟೆಕ್ ಅವೆರಡನ್ನೂ ಬೇರೆ ಬೇರೆ ಎಂದುಕೊಂಡಿತ್ತು. ತಿದ್ದಿದೆವು. ಈಗ ಗೆರೆ ಬಂತು, ಆದರೆ ಕಂಬದಂತೆ ನೆಟ್ಟಗೆ ನಿಂತು ಪುಟದ ಆಚೆ ಹೋಯಿತು. ಗಂಟೆಯನ್ನೂ ಮೀನನ್ನೂ ಅದಲುಬದಲು ಮಾಡಿದ್ದಳು. ಅದನ್ನೂ ತಿದ್ದಿ ಮತ್ತೆ ಓಡಿಸಿದೆವು. ಗೆರೆ ಚುಕ್ಕೆಗಳ ನಡುವೆ ಬಂದು ಸರಿಯಾಗಿ ಕೂತಿತು. ಕಶಿಂಜೆ ಚಪ್ಪಾಳೆ ತಟ್ಟಲು ಕೈ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. ಗೆರೆ ಇಳಿಯುತ್ತಿತ್ತು.

ತಡವಾಗಿ ಬಂದಷ್ಟೂ ಮೀನು ತಾಜಾ ಎಂದು ಆ ಗೆರೆ ಹೇಳುತ್ತಿತ್ತು. ಅಪ್ಪಣೆಗಳನ್ನು ಒಂದೊಂದಾಗಿ ಮೇಲಿನಿಂದ ಕೆಳಗೆ ಓದಿದೆವು. ಅಡ್ಡಗೆರೆಯ ಅಂಕಿಗಳು ಹಿಂದುಮುಂದಾಗಿವೆಯೋ ನೋಡಿದೆವು. ದಶಮಾಂಶದ ಚುಕ್ಕೆಯ ಕಡೆ ಎಲ್ಲಾದರೂ ಅಲ್ಪವಿರಾಮ ನುಸುಳಿದೆಯೋ ನೋಡಿದೆವು. ಕೊನೆಗೆ ಸಿಟ್ಟು ಬಂದು ನಾನು ಕಾಗದ ಪೆನ್ಸಿಲು ಹಿಡಿದು ಕೈಲೆಕ್ಕ ಹಾಕಿದೆ. ನನ್ನ ಗೆರೆಯೂ ಇಳಿಯಿತು. ಲೇಟೆಕ್‌ನಲ್ಲಿ ತಪ್ಪಿರಲಿಲ್ಲ.

ಆಗ ಚುಕ್ಕೆಗಳನ್ನೇ ದಿಟ್ಟಿಸಿದೆ. ಎಡ ತುದಿಯಲ್ಲಿ, ಒಂದು, ಎರಡು, ಮೂರರ ಹತ್ತಿರ, ಒಂದಷ್ಟು ಚುಕ್ಕೆ ಕೂತಿದ್ದವು.

"ಇದೇನಮ್ಮ, ನಡುರಾತ್ರಿ ಎರಡು ಗಂಟೆಗೆ ನಿಮ್ಮ ಕಟ್ಟೆಗೆ ದೋಣಿ ಬರುತ್ತಾ?"

"ಎಲ್ಲಿಂದ ಬರುತ್ತೆ? ಸೂರ್ಯ ಹುಟ್ಟೋ ಮುಂಚೆ ಕಟ್ಟೆ ತೆಗೆಯೋ ಹಾಗೇ ಇಲ್ಲ. ಸಂಜೆ ಸೂರ್ಯ ಮುಳುಗಿದ್ರೆ ಹಗ್ಗ ಕಟ್ಟಿಬಿಡ್ತಾರೆ..." ಎನ್ನುತ್ತಾ ಅವಳ ಮಾತು ನಿಂತಿತು. ಆಮೇಲೆ ಎರಡೂ ಕೈಯಲ್ಲಿ ಹಣೆ ಚಚ್ಚಿಕೊಂಡು ಕಿಟಕಿ ಗಾಜು ಅದುರುವಂತೆ ನಕ್ಕಳು. "ಅಯ್ಯೋ ನನ್ನ ಮಾವನೇ! ಸ್ವಾಹಿಲಿ ಗಂಟೆ ಬರೆದಿದ್ದಾರೆ ಮೇಷ್ಟ್ರೇ!"

ಇಲ್ಲಿ ದಿನ ಹುಟ್ಟುವುದು ಸೂರ್ಯನ ಜೊತೆ. ಬೆಳಗಿನ ಏಳು ಗಂಟೆಗೆ ಇಲ್ಲಿಯವರು ಒಂದು ಗಂಟೆ ಎನ್ನುತ್ತಾರೆ, ನಡುಮಧ್ಯಾಹ್ನಕ್ಕೆ ಆರು. ಕೈಗಡಿಯಾರ ಎಲ್ಲರ ಹಾಗೆಯೇ ಇರುತ್ತದೆ. ಮುಳ್ಳು ಏಳರ ಮೇಲಿದ್ದರೆ ಎದುರಿನ ಒಂದನ್ನು ಓದುತ್ತಾರೆ, ಅಷ್ಟೇ. ಸಂತೆಯಲ್ಲಿ, ಮನೆಯಲ್ಲಿ, ಮದುವೆಯಲ್ಲಿ ಈ ಗಂಟೆ. ಶಾಲೆಯ ವೇಳಾಪಟ್ಟಿಯಲ್ಲಿ, ಕಂಪ್ಯೂಟರಿನಲ್ಲಿ ಆ ಗಂಟೆ. ನಾವೆಲ್ಲ ದಿನಕ್ಕೆ ಹತ್ತು ಸಲ ಇಲ್ಲಿಂದ ಅಲ್ಲಿಗೆ ಹಾರುತ್ತೇವೆ. ಹಾರಿದ್ದು ನಮಗೇ ತಿಳಿಯುವುದಿಲ್ಲ. ಅದಕ್ಕೇ ಆ ಅಂಕಿಗಳನ್ನು ಇಷ್ಟು ದಿನ ನೋಡಿಯೂ ಅವಳಿಗೆ ಹೊಳೆದಿರಲಿಲ್ಲ.

"ಆರು ಕೂಡಿಸಿದರೆ ಮುಗೀತು," ಎಂದೆ. ಇಬ್ಬರಿಗೂ ಜೀವ ಬಂದಂತಾಯಿತು. ಹೊರಗಿನ ಅಂಗಡಿಯಿಂದ ಅವಳು ಹಾಲಿನ ಚಹಾ, ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ ತರಿಸಿದಳು. ಒಂದು ಮಂದಾಜಿ ಬಾಯಿಗೆ ಹಾಕಿಕೊಂಡೇ ನಾನು ಆರು ಕೂಡಿಸುವ ಅಪ್ಪಣೆ ಬರೆದು ಓಡಿಸಿದೆ. ಒಂದು ಹೋಗಿ ಏಳಾಯಿತು, ಎರಡು ಹೋಗಿ ಎಂಟಾಯಿತು. ಬಲ ತುದಿಯ ಚುಕ್ಕೆಗಳು ಮಾತ್ರ ಇಪ್ಪತ್ತೆರಡು, ಇಪ್ಪತ್ಮೂರು ಗಂಟೆಗೆ ಹೋಗಿ ಕೂತವು.

ಹಿಂದಿನ ಅಂಕಿ ತೆಗೆದು ನೋಡಿದೆವು. ಹದಿನಾರು, ಹದಿನೇಳು ಎಂದಿತ್ತು. ಸ್ವಾಹಿಲಿ ಗಡಿಯಾರದಲ್ಲಿ ಹನ್ನೆರಡರ ಮೇಲೆ ಅಂಕಿಯೇ ಇಲ್ಲ.

ಕಶಿಂಜೆಯ ನಗು ಇಳಿಯಿತು. "ಹಡಗಿನ ಗಂಟೆ," ಎಂದಳು ಮೆಲ್ಲಗೆ. "ಹಡಗಲ್ಲಿ ಇಪ್ಪತ್ನಾಲ್ಕರ ಲೆಕ್ಕ. ಮಾವ ಕೆಲವು ಸಲ ಮನೆಯಲ್ಲೂ ಹಂಗೇ ಮಾತಾಡೋರು. ಹದಿನೆಂಟು ಗಂಟೆ ಆಯ್ತು, ಊಟ ಹಾಕು ಅಂತ."

ಅಲ್ಲಿಗೆ ನಮ್ಮ ಕಾಲ ಕೆಳಗಿನ ನೆಲ ಕುಸಿಯಿತು. ಒಂದರಿಂದ ಐದರವರೆಗಿನವು ಖಂಡಿತ ಸ್ವಾಹಿಲಿ ಗಂಟೆ, ಯಾಕೆಂದರೆ ಸೂರ್ಯ ಹುಟ್ಟುವ ಮುಂಚೆ ಕಟ್ಟೆಗೆ ದೋಣಿ ಬರುವುದಿಲ್ಲ. ಹನ್ನೆರಡರ ಮೇಲಿನವು ಖಂಡಿತ ಹಡಗಿನ ಗಂಟೆ. ಆದರೆ ಆರರಿಂದ ಹನ್ನೆರಡು? ಮಬುಲಾ ಒಂಬತ್ತು ಎಂದು ಬರೆದಿದ್ದರೆ ಅದು ಬೆಳಗಿನ ಒಂಬತ್ತೋ, ಸ್ವಾಹಿಲಿಯ ಒಂಬತ್ತು, ಅಂದರೆ ಮಧ್ಯಾಹ್ನದ ಮೂರೋ? ಅರ್ಧಕ್ಕಿಂತ ಹೆಚ್ಚು ಚುಕ್ಕೆ ಅಲ್ಲೇ ಗುಂಪು ಕಟ್ಟಿದ್ದವು.

"ಮಾವ ಬರೆದ ಹಾಳೆ ಎಲ್ಲಿದೆ?"

"ಹಾಳೆ ಎಲ್ಲಿಂದ ಬಂತು? ಕಟ್ಟೆಯ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆಯೋರು. ಶನಿವಾರ ಹೋಗಿ ನಾನು ನೇರವಾಗಿ ಇದರಲ್ಲಿ ಟೈಪ್ ಮಾಡ್ಕೊಳ್ತಿದ್ದೆ. ಆಮೇಲೆ ಒರೆಸೋರು."

"ಬಂದ ಕ್ರಮದಲ್ಲೇ ಇದ್ದಿದ್ರೂ ಸಾಕಿತ್ತು. ಯಾವ ದೋಣಿ ಮುಂದೆ, ಯಾವುದು ಹಿಂದೆ ಅಂತ ನೋಡಿ..." ಎಂದು ಹೇಳಲು ಹೊರಟವನು ನಾಲಿಗೆ ಕಚ್ಚಿಕೊಂಡೆ. ಆ ಪುಣ್ಯಾತ್ಮನ ಮಾತು ಕೇಳಿ ಅವಳು ಸಾಲುಗಳನ್ನೆಲ್ಲ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ತಾರೀಖು ಕಿತ್ತು, ಹಳೆಯ ಕಡತದ ಮೇಲೇ ಉಳಿಸಿಬಿಟ್ಟಿದ್ದಳು. ಎಲ್ಲೋ ಕೂತು ಯಾರಿಗೋ ಸಲಹೆ ಕೊಡುವ ಆ ಮನುಷ್ಯನ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ.

ಕೇಳಿಬಿಡೋಣವೆಂದರೆ ಮಬುಲಾ ಇರಲಿಲ್ಲ. ದೊಡ್ಡ ಮಳೆ ಶುರುವಾದ ಹೊತ್ತಿನಲ್ಲಿ ಜ್ವರವೆಂದು ಮಲಗಿದವರು ಏಳಲೇ ಇಲ್ಲ.

ಶನಿವಾರ ಇಬ್ಬರೂ ಇಹಾಲೋಗೆ ಹೋದೆವು. ಕಟ್ಟೆಯ ತುಂಬ ಸಂಗಾರಾ ಮೀನಿನ ರಾಶಿ, ಮಾರಾಬೂ ಹಕ್ಕಿಗಳ ಕಾವಲು. ಮಬುಲಾ ಗಂಟೆಯನ್ನು ಹೇಗೆ ಬರೆಯುತ್ತಿದ್ದರು ಎಂದು ಕೇಳಿದ್ದೇ ತಡ, ಎಲ್ಲರ ಬಾಯಿ ಒಟ್ಟಿಗೆ ತೆರೆಯಿತು.

"ಸ್ವಾಹಿಲಿಯಲ್ಲೇ ಕಣಮ್ಮ! ನಾನು ಅವರ ಪಕ್ಕದಲ್ಲೇ ಕೂತಿರ್ತಿದ್ದೆ," ಎಂದಳು ಮೀನು ಹುರಿಯುವವಳು.

"ನಿನಗೆ ಓದೋಕೆ ಬರುತ್ತೇನೇ? ಬಾಯಲ್ಲಿ ಹೇಳ್ತಿದ್ದದ್ದು ಸ್ವಾಹಿಲಿ, ಬರೀತಿದ್ದದ್ದು ಹಡಗಿನದು," ಎಂದ ಬಲೆ ಹೆಣೆಯುವವನು.

"ಹಡಗಿನದು ಬರೆದ್ರೆ ಕಟ್ಟೆಯ ಯಜಮಾನ ಬೈತಿದ್ದ. ಅವನು ಬಂದಾಗ ಸ್ವಾಹಿಲಿ, ಹೋದ ಮೇಲೆ ಹಡಗು," ಎಂದ ಮತ್ತೊಬ್ಬ.

"ತಡವಾಗಿ ಬರೋ ದೋಣಿ ಮೀನು ಕೆಟ್ಟಿರುತ್ತೆ ಅಂತ ನಿಮಗ್ಯಾರು ಹೇಳಿದ್ದು?" ಎಂದು ಒಬ್ಬ ಮುದುಕ ನಡುವೆ ಬಾಯಿ ಹಾಕಿದ. "ಮಧ್ಯಾಹ್ನ ಬರೋವು ಇಲ್ಲೇ ಹತ್ತಿರ ಬಲೆ ಬಿಟ್ಟವು. ಬುಟ್ಟಿಯಲ್ಲಿ ಮೀನು ಇನ್ನೂ ಒದ್ದಾಡ್ತಿರುತ್ತೆ. ಬೆಳಗ್ಗೆ ಬರೋವೇ ರಾತ್ರಿಯೆಲ್ಲ ದೂರದಲ್ಲಿದ್ದು ಹಳಸಿಕೊಂಡು ಬರೋವು!"

ಅಲ್ಲಿಗೆ ಬೆಕ್ಕಿಗೂ ಗೊತ್ತು ಎಂದಿದ್ದ ನನ್ನ ಜಾಣತನವೂ ಮುಗಿಯಿತು. ಗೆರೆ ಏರಬೇಕೋ ಇಳಿಯಬೇಕೋ ಯಾರಿಗೂ ತಿಳಿದಿರಲಿಲ್ಲ.

ಮಬುಲಾ ಅವರ ಹೆಂಡತಿ ಮಿಂಜಾ ಕಟ್ಟೆಯ ಹಿಂದಿನ ಮನೆಯ ಅಂಗಳದಲ್ಲಿ ದಗಾ ಮೀನು ಒಣಹಾಕುತ್ತಿದ್ದರು. ಅವರೂ ಕೈ ಚೆಲ್ಲಿದರು. "ಅವರ ಮನಸ್ಸು ಹೇಗೋ ಹಾಗೆ, ಮಗಳೇ. ಖುಷಿಯಲ್ಲಿದ್ರೆ ನಮ್ಮ ಗಂಟೆ. ಸಿಟ್ಟು ಬಂದ್ರೆ ಹಡಗು ಹತ್ತಿಬಿಡೋರು. ಯಾವತ್ತು ಸಿಟ್ಟು, ಯಾವತ್ತು ಖುಷಿ ಅಂತ ನಾನೇನು ಬರೆದಿಟ್ಟಿದೀನಾ?"

ಮರುದಿನ ಕಶಿಂಜೆ ಲ್ಯಾಪ್‌ಟಾಪು ತಂದು ಎರಡು ಗ್ರಾಫು ಮಾಡಿದಳು. ಗೊತ್ತಿಲ್ಲದ ಚುಕ್ಕೆಗಳನ್ನೆಲ್ಲ ಹಡಗಿನ ಗಂಟೆ ಎಂದುಕೊಂಡರೆ ಗೆರೆ ಇಳಿಯುತ್ತಿತ್ತು. ಸ್ವಾಹಿಲಿ ಎಂದುಕೊಂಡರೆ ಏರುತ್ತಿತ್ತು. ಅವನ್ನು ಬಿಟ್ಟೇ ಹಾಕಿದರೆ ಉಳಿದ ಚುಕ್ಕೆಗಳ ನಡುವೆ ಗೆರೆ ಚಪ್ಪಟೆಯಾಗಿ ಮಲಗುತ್ತಿತ್ತು.

ಅವಳು ನನ್ನೆದುರಿಗೇ ಕತಬಾರೋಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿ ಜೋರಾಗಿ ನಕ್ಕದ್ದು ನನಗೂ ಕೇಳಿಸಿತು.

"ಇಷ್ಟಕ್ಕೆಲ್ಲ ಅಳ್ತಾರೇನಮ್ಮ? ಒಂಬತ್ತು ಅಂತ ಇದೆ, ಮೀನು ಹೆಚ್ಚು ಕೆಟ್ಟಿದೆ, ಅದು ಮಧ್ಯಾಹ್ನದ್ದು. ಮೀನು ಚೆನ್ನಾಗಿದೆ, ಅದು ಬೆಳಗ್ಗೆದು. ಬೇರೆ ಮಾಡು, ಶುಕ್ರವಾರ ಕಳಿಸು. ಗಂಟೆ ಮೂಗಿಗೇ ಗೊತ್ತಾಗುತ್ತೆ!"

ಹೇಳಿದ ಹಾಗೆ ಮಾಡಿದಳು. ಮಾಡಿ ಓಡಿಸಿದಾಗ ತೆರೆಯ ಮೇಲೆ ಬಂದ ಗೆರೆ ನಾನು ಪಾಠದಲ್ಲಿ ತೋರಿಸಲು ಹುಡುಕುವಂಥದ್ದು. ಚುಕ್ಕೆಗಳೆಲ್ಲ ಅದರ ಮಗ್ಗುಲಲ್ಲೇ ಕೂತು, ಎಡದಿಂದ ಬಲಕ್ಕೆ ಏರುತ್ತಿದ್ದವು.

"ಇದು ಸುಳ್ಳಾ ಮೇಷ್ಟ್ರೇ?"

ಕಳಿಸಿಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಎಷ್ಟು ವರ್ಷ ಒದ್ದಾಡಿದ್ದಾಳೆ ಎಂದು ನನಗೆ ಗೊತ್ತಿತ್ತು. ಆದರೂ ಅವಳು ಕೇಳಿದ್ದು ನನ್ನ ಕಸುಬಿನ ಪ್ರಶ್ನೆ. "ಮೀನು ನೋಡಿ ಗಂಟೆ ಹೇಳ್ತಿದೀಯ. ಆಮೇಲೆ ಆ ಗಂಟೆ ನೋಡಿ ಮೀನಿನ ಸುದ್ದಿ ಹೇಳ್ತೀಯ. ಗೆರೆ ಏರದೆ ಇನ್ನೇನು ಮಾಡುತ್ತೆ?" ಎಂದೆ.

"ಮಾವ ಏನೋ ಒಂದು ನೋಡಿ ಬರೆದಿದ್ರು," ಎಂದಳು. "ಅದು ಏನಂತ ನನಗೆ ಗೊತ್ತಿಲ್ಲ. ಈಗ ಸತ್ತವರ ಬಾಯಿಗೆ ನಾನೇ ಮಾತು ತುರುಕ್ತಾ ಇದೀನಿ."

"ಪಾಸಾಗೋಕೆ ಬೇರೆ ದಾರಿ ಇಲ್ಲವಲ್ಲಮ್ಮ."

"ಇಲ್ಲ," ಎಂದಳು. ಅಷ್ಟು ದೊಡ್ಡ ಗಂಟಲಿನ ಹೆಂಗಸು ಅಷ್ಟು ಸಣ್ಣದಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅವಳು ಆ ಚೆಂದದ ಗೆರೆಯನ್ನು ಅಳಿಸಿದಳು. ಪ್ರಬಂಧದಲ್ಲಿ ಖಾತ್ರಿಯಾದ ಚುಕ್ಕೆಗಳಿಗೆ ಕಪ್ಪು ತುಂಬಿಸಿ, ಖಾತ್ರಿಯಿಲ್ಲದ್ದನ್ನು ಒಳಗೆ ಖಾಲಿಯಿರುವ ಬಳೆಯಾಗಿ ಬಿಟ್ಟು, ಏರುವ ಗೆರೆ ಇಳಿಯುವ ಗೆರೆ ಎರಡನ್ನೂ ಎಳೆದು ಒಪ್ಪಿಸಿದಳು. ಲೇಟೆಕ್ ಒಂದು ಸಲವೂ ಗೊಣಗದೆ ಅಚ್ಚುಕಟ್ಟಾಗಿ ಮಾಡಿಕೊಟ್ಟಿತು. ನನಗೆ ಅದರ ಮೇಲೂ ಸಿಟ್ಟು ಬಂತು.

ಮೌಖಿಕ ಪರೀಕ್ಷೆಯ ದಿನ ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಆ ಪುಟದ ಮೇಲೆ ಬೆರಳಿಟ್ಟರು.

"ಎರಡರಲ್ಲಿ ಯಾವ ಗೆರೆ ನಿಜ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂತ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನಮ್ಮ?"

ಕೋಣೆಯಲ್ಲಿದ್ದವರು ನಕ್ಕರು. ಕಶಿಂಜೆಯೂ ಮರ್ಯಾದೆಗೆ ನಕ್ಕಳು. ಲೆಕ್ಕವನ್ನು ಮತ್ತೊಂದು ವರ್ಷ ಹೊಸದಾಗಿ ಬರೆದು ತನ್ನಿ ಎಂದು ತೀರ್ಪಾಯಿತು. ಅವಳಿಗೆ ಮತ್ತೊಂದು ವಾರವೂ ಇಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಿಂಗಳು ಮುಗಿಯಿತು, ಹೆಸರು ಹೋಯಿತು. ನಾನು ಯಾರ ಯಾರ ಕಚೇರಿಗೋ ಹೋಗಿ ಕೈಮುಗಿದು ಬಂದೆ. ಏನೂ ನಡೆಯಲಿಲ್ಲ.

ಆಮೇಲೆ ಒಂದು ಭಾನುವಾರ ಕಶಿಂಜೆ ನನ್ನನ್ನು ಇಹಾಲೋಗೆ ಊಟಕ್ಕೆ ಕರೆದೊಯ್ದಳು. ಮಿಂಜಾ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ತಿರುವಿ, ಸಾತೋ ಮೀನು ಬೇಯಿಸಿ ಬಡಿಸಿದರು. ತಾವು ಮಾತ್ರ ಉಣ್ಣಲು ಕೂರಲಿಲ್ಲ. ಬಾಗಿಲ ಹತ್ತಿರ ನಿಂತೇ ಇದ್ದರು.

"ಕಟ್ಟೆಗೆ ಹೋಗಿ ಹದಿನೈದು ದಿನ ಆಯ್ತು ನಾನು," ಎಂದರು. "ಎಲ್ಲರೂ ಒಂದೇ ಮಾತು. ಮಬುಲಾಗೆ ನೆಟ್ಟಗೆ ಗಂಟೆ ಬರೆಯೋಕೂ ಬರ್ತಿರಲಿಲ್ಲ, ಸಾಕಿದ ಹುಡುಗಿಯ ಓದು ಹಾಳು ಮಾಡಿ ಹೋದ ಅಂತ. ನಿಜ ಹೇಳು ಮಗಳೇ. ಅವರು ಬರೆದಿದ್ದು ತಪ್ಪಾಗಿತ್ತಾ?"

ಕಶಿಂಜೆ ಉಗಾಲಿಯನ್ನು ಬೆರಳಲ್ಲಿ ಉಂಡೆ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಇಲ್ಲ ಅತ್ತೆ. ಮಾವ ಸರಿಯಾಗೇ ಬರೆದಿದ್ರು. ಗೆರೆ ಎಳೆಯೋ ಆ ಯಂತ್ರಕ್ಕೇ ಓದೋಕೆ ಬರಲಿಲ್ಲ."

ಮಿಂಜಾ ನನ್ನ ಕಡೆ ತಿರುಗಿದರು. "ಹೌದಾ ಮೇಷ್ಟ್ರೇ? ನೀವು ಓದಿದೋರು, ನೀವು ಹೇಳಿ."

"ಹೌದಮ್ಮ," ಎಂದೆ. "ಯಂತ್ರದ್ದೇ ತಪ್ಪು."

ಅವರು ಸೊಂಟದ ಕಾಂಗಾವನ್ನು ಬಿಗಿಯಾಗಿ ಕಟ್ಟಿಕೊಂಡು ಅಂಗಳಕ್ಕೆ ಇಳಿದರು. ಬೇಲಿಯಾಚೆ ಕಟ್ಟೆಯ ಕಡೆ ಮುಖ ಮಾಡಿ, "ಕೇಳಿದ್ರೇನ್ರೇ? ಯಂತ್ರದ ತಪ್ಪಂತೆ! ಕಾಲೇಜಿನ ಮೇಷ್ಟ್ರೇ ಹೇಳ್ತಾ ಇದಾರೆ, ನಮ್ಮನೆಯವರ ಗಂಟೆ ಸರಿಯಾಗಿತ್ತಂತೆ!" ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೂಗಿ ಹೇಳತೊಡಗಿದರು. ಕಶಿಂಜೆ ಅದನ್ನು ಕೇಳುತ್ತಾ ತಟ್ಟೆಯನ್ನೇ ನೋಡುತ್ತಿದ್ದಳು. ಬೆರಳಲ್ಲಿದ್ದ ಉಂಡೆ ಬಾಯಿಗೆ ಹೋಗಲೇ ಇಲ್ಲ.